ದುಡಿಯುವ ಕೈಗೆ ಚಳಿಯಿಲ್ಲವೆಂಬ ಸುಳ್ಳು

ನಾಗಲಮಡಿಕೆ ಕಡೆಯಿಂದ ಪಾವಗಡದತ್ತ ಬೆಳಗಿನ ಜಾವ ಸೈಕಲ್ ತುಳಿದು ಬರುವವನ ಕೈಯಲ್ಲಿ ಗ್ಲೌಸ್ ಕಂಡರೆ ಟೀ ಅಂಗಡಿ ಮುಂದೆ ನಿಂತವರು ಕೇಳುವ ಮಾತು ಒಂದೇ: "ಏನಣ್ಣ, ನಮ್ಮ ಸೀಮೆಯಾಗೆ ಇವೆಲ್ಲ ಯಾಕೆ?"

ಹಾಗೆ ಕೇಳುವುದಕ್ಕೆ ಕಾರಣವೂ ಇದೆ. ಬರ, ಬಿಸಿಲು, ಫ್ಲೋರೈಡ್ ನೀರು ಎಂದರೆ ಪಾವಗಡ ಎಂದು ನಾಡಿಗೆಲ್ಲ ಗೊತ್ತು. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಎದ್ದಿರುವುದೇ ಇಲ್ಲಿ ಬಿಸಿಲಿಗೆ ಕೊರತೆಯಿಲ್ಲ ಎಂಬ ಕಾರಣಕ್ಕೆ. ಇಂಥ ತಾಲ್ಲೂಕಿನಲ್ಲಿ ಚಳಿಗೊಂದು, ಮಳೆಗೊಂದು ಕೈಗವಸು ಆರಿಸುವ ಮಾತು ಬಂದರೆ ಅದು ಬೆಂಗಳೂರಿನವರ ಶೋಕಿ ಅನ್ನಿಸುವುದು ಸಹಜ. ಮಧುಗಿರಿ, ಶಿರಾ, ಕೊರಟಗೆರೆಯಲ್ಲೂ ಇದೇ ಅಭಿಪ್ರಾಯ. ಓದಿದವರು, ಓದದವರು, ಸೈಕಲ್ ಮಾರುವವರು, ಸೈಕಲ್ ತುಳಿಯುವವರು ಎಲ್ಲರೂ ಇದನ್ನು ಒಪ್ಪಿಕೊಂಡಿದ್ದಾರೆ.

ಈ ಅಭಿಪ್ರಾಯ ಬುಡದಿಂದಲೇ ತಪ್ಪು ಎಂಬುದು ನನ್ನ ವಾದ. ತಪ್ಪು ಮಾತ್ರವಲ್ಲ, ಅಪಾಯಕಾರಿ. ಇದರಲ್ಲಿ ಮೂರು ನಂಬಿಕೆಗಳು ಹೆಣೆದುಕೊಂಡಿವೆ. ಬಯಲುಸೀಮೆಯಲ್ಲಿ ಕೈ ಮರಗಟ್ಟುವಷ್ಟು ಚಳಿ ಇಲ್ಲ ಎಂಬುದು ಮೊದಲನೆಯದು. ಇದ್ದರೂ ದುಡಿದ ಕೈಗೆ ಅದು ಅಭ್ಯಾಸವಾಗಿಬಿಡುತ್ತದೆ ಎಂಬುದು ಎರಡನೆಯದು. ಇಷ್ಟರ ಮೇಲೂ ಯಾರಿಗಾದರೂ ಬೇಕಿದ್ದರೆ ದಪ್ಪನೆಯದೊಂದು, ಇಲ್ಲವೇ ವಾಟರ್‌ಪ್ರೂಫ್ ಎಂದು ಬರೆದದ್ದೊಂದು ಕೊಂಡರೆ ತೀರಿತು ಎಂಬುದು ಮೂರನೆಯದು. ಮೂರರ ಬೇರೂ ಒಂದೇ. ಹವೆ ಹೇಗಿದೆ ಎಂದು ಎಲ್ಲರೂ ಕೇಳುತ್ತಾರೆ. ಆ ಹವೆಯಲ್ಲಿ ಕೈ ಏನು ಕೆಲಸ ಮಾಡಬೇಕು ಎಂದು ಯಾರೂ ಕೇಳುವುದಿಲ್ಲ. ಸೈಕಲ್ ಮೇಲೆ ಕೂತವನ ಕೈಗೆ ಎಲ್ಲಕ್ಕಿಂತ ದೊಡ್ಡ ಕೆಲಸ ಬ್ರೇಕ್ ಹಿಡಿಯುವುದು. ಆದ್ದರಿಂದ ಕೈಗವಸನ್ನು ಬಟ್ಟೆಯ ಲೆಕ್ಕದಲ್ಲಿ ನೋಡದೆ ಬ್ರೇಕಿನ ಭಾಗವೆಂದೇ ನೋಡಬೇಕು. ಹಾಗೆ ನೋಡಿದ ಕ್ಷಣದಿಂದ ಈ ಮೂರೂ ನಂಬಿಕೆಗಳು ನಿಲ್ಲುವುದಿಲ್ಲ.

ಮೊದಲು ಚಳಿಯ ಮಾತು. ಪಾವಗಡದ ಆಕಾಶ ವರ್ಷದ ಬಹುಪಾಲು ನಿಚ್ಚಳ. ಗಾಳಿಯಲ್ಲಿ ತೇವ ಕಡಿಮೆ, ನೆಲದ ಮೇಲೆ ಮರ ಕಡಿಮೆ. ಹಗಲು ಬಿಸಿಲನ್ನು ಧಾರಾಳವಾಗಿ ಒಳಬಿಡುವ ಇದೇ ಆಕಾಶ ರಾತ್ರಿ ನೆಲದ ಶಾಖವನ್ನೂ ಅಷ್ಟೇ ಧಾರಾಳವಾಗಿ ಹೊರಗೆ ಬಿಡುತ್ತದೆ. ಮೋಡವಿದ್ದರೆ, ಗಾಳಿಯಲ್ಲಿ ತೇವವಿದ್ದರೆ ಆ ಶಾಖದಲ್ಲಿ ಒಂದು ಪಾಲು ನೆಲಕ್ಕೆ ಮರಳುತ್ತದೆ; ಇಲ್ಲಿ ಅಷ್ಟು ಮರಳುವುದಿಲ್ಲ. ಸೌರ ಫಲಕಗಳಿಗೆ ಒಳ್ಳೆಯದಾದ ಆಕಾಶವೇ ಬೆಳಗಿನ ಜಾವದ ಚಳಿಗೂ ಕಾರಣ. ಮಧ್ಯಾಹ್ನದ ಬಿಸಿಲು ನೋಡಿ ಬೆಳಗಿನ ಐದು ಗಂಟೆಯ ಬಗ್ಗೆ ತೀರ್ಪು ಕೊಡುವವರು ಈ ಸರಳ ಸಂಗತಿಯನ್ನು ಮರೆಯುತ್ತಾರೆ.

ಕಣಿವೆಯ ಸಂಗತಿ ಇನ್ನೊಂದು. ತಣ್ಣನೆಯ ಗಾಳಿ ಭಾರ; ರಾತ್ರಿಯೆಲ್ಲ ಅದು ತಗ್ಗಿಗೆ ಹರಿದು ನಿಲ್ಲುತ್ತದೆ. ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟಿ, ಗೌರಿಬಿದನೂರು ದಾಟಿ, ಆಂಧ್ರದ ಹಿಂದೂಪುರದ ಕಡೆ ಹೋಗಿ ಬರುವ ಉತ್ತರ ಪಿನಾಕಿನಿ ನಾಗಲಮಡಿಕೆಯ ಬದಿಯಲ್ಲೇ ಹಾದು ಪೇರೂರಿನತ್ತ ಸಾಗುತ್ತದೆ. ಎಷ್ಟೋ ವರ್ಷ ಅಲ್ಲಿ ನೀರಿಗಿಂತ ಮರಳೇ ಹೆಚ್ಚು. ಆದರೂ ದಿಣ್ಣೆಯ ಮೇಲಿನ ಹೊಲಗಳ ದಾರಿಯಿಂದ ಹೊಳೆಯ ತಗ್ಗಿಗೆ ಸೈಕಲ್ ಇಳಿಯುವಾಗ ಗಾಳಿ ಬದಲಾಗುವುದು ಮೊದಲು ತಿಳಿಯುವುದು ಬೆರಳ ಗೆಣ್ಣುಗಳಿಗೆ. ನಾಗಲಮಡಿಕೆಯ ಅಂತ್ಯ ಸುಬ್ರಹ್ಮಣ್ಯನ ಜಾತ್ರೆ ನಡೆಯುವುದೂ ಈ ಚಳಿಗಾಲದಲ್ಲೇ. ಜಾತ್ರೆಗೆ ಎತ್ತು ಹೊಡೆದುಕೊಂಡು ಬಂದವರು ರಾತ್ರಿ ಬೆಂಕಿ ಹಾಕಿಕೊಂಡು, ಕಂಬಳಿ ಹೊದ್ದು ಕೂರುವುದು ಊರಿಗೆಲ್ಲ ಗೊತ್ತಿರುವ ನೋಟ. ಕೂತವರಿಗೆ ಬೆಂಕಿ, ಕಂಬಳಿ ಎರಡೂ ಬೇಕು ಎಂದು ಒಪ್ಪುವ ನಾವು, ಅದೇ ಗಾಳಿಗೆ ಎದುರಾಗಿ ಸೈಕಲ್ ತುಳಿಯುವವನ ಕೈ ಬರಿದಾಗಿರಲಿ ಎನ್ನುತ್ತೇವೆ.

ಹವಾಮಾನದ ಅಂಕಿ ತೋರಿಸಿ ವಾದಿಸುವವರೂ ಇದ್ದಾರೆ. ಬೆಂಗಳೂರಿನಲ್ಲೇ ದಾಖಲಾದ ಅತಿ ಕಡಿಮೆ ಉಷ್ಣಾಂಶ 1884ರ ಜನವರಿ 13ರ 7.8 ಡಿಗ್ರಿ, ನಮ್ಮಲ್ಲಿ ಅಷ್ಟು ಕೂಡ ಎಲ್ಲಿ ಇಳಿಯುತ್ತದೆ ಎಂಬುದು ಅವರ ಮಾತು. ಆದರೆ ಉಷ್ಣಮಾಪಕ ಅಳೆಯುವುದು ನೆರಳಿನಲ್ಲಿ, ಒಣ ಪೆಟ್ಟಿಗೆಯೊಳಗಿನ ಗಾಳಿಯನ್ನು. ಸೈಕಲ್ ಸವಾರನ ಕೈ ಇರುವುದು ಎಲ್ಲಿ? ಅವನ ದೇಹದ ಎಲ್ಲಕ್ಕಿಂತ ಮುಂದೆ, ಹ್ಯಾಂಡಲ್ ಮೇಲೆ, ಅಲುಗಾಡದೆ. ಕಾಲು ತುಳಿಯುತ್ತ ಬಿಸಿಯಾಗುತ್ತದೆ, ಎದೆ ಉಸಿರಾಡುತ್ತ ಬಿಸಿಯಾಗುತ್ತದೆ. ಕೈಗೆ ಮಾತ್ರ ಬಿಸಿ ಹುಟ್ಟಿಸುವ ಕೆಲಸವಿಲ್ಲ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗುವವನು ನಿಂತ ಗಾಳಿಯಲ್ಲೂ ತನ್ನದೇ ಗಾಳಿಯನ್ನು ಎಬ್ಬಿಸಿಕೊಂಡು ಹೋಗುತ್ತಾನೆ. 2001ರಿಂದ ಅಮೆರಿಕ ಮತ್ತು ಕೆನಡಾದಲ್ಲಿ ಬಳಕೆಯಲ್ಲಿರುವ ಗಾಳಿಚಳಿಯ ಸೂತ್ರದ ಪ್ರಕಾರ 10 ಡಿಗ್ರಿಯ ಹವೆ ಇಷ್ಟು ಗಾಳಿಗೆ 7 ಡಿಗ್ರಿಯಂತೆ ತಟ್ಟುತ್ತದೆ. ಆ ಲೆಕ್ಕವೂ ಒಣ ಚರ್ಮದ್ದು.

ಕೈ ಒದ್ದೆಯಾದರೆ ಲೆಕ್ಕವೇ ಬೇರೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಅಷ್ಟು ಶಾಖ ಅರ್ಧ ಲೀಟರಿಗೂ ಹೆಚ್ಚು ನೀರನ್ನು ಒಂದು ಡಿಗ್ರಿ ಬಿಸಿ ಮಾಡಬಲ್ಲದು. ಬೇಸಿಗೆಯಲ್ಲಿ ಮಣ್ಣಿನ ಮಡಕೆ ನೀರನ್ನು ತಂಪು ಮಾಡುವುದು ಮೈಯಿಂದ ಜಿನುಗಿದ ತೇವವನ್ನು ಗಾಳಿಗೆ ಕೊಟ್ಟು. ಮಳೆಯಲ್ಲಿ ಸೈಕಲ್ ತುಳಿಯುವವನ ಬೆರಳಿಗೆ ಆಗುವುದೂ ಅದೇ. ಇದರ ಜೊತೆಗೆ, ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಸಲೀಸಾಗಿ ಶಾಖವನ್ನು ಸಾಗಿಸುತ್ತದೆ. ಹಾಗಾಗಿ ನವೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು, ಇಲ್ಲಿ ಸೈಕ್ಲೋನ್ ಹಿಡಿದು, ಹಗಲಿಡೀ ಜಿನುಗುಮಳೆ ಗಾಳಿಯೊಂದಿಗೆ ಬೀಳುವಾಗ, ಉಷ್ಣಮಾಪಕ 18 ತೋರಿಸುತ್ತಿದ್ದರೂ ಬೆರಳು ಸೆಡೆಯುತ್ತದೆ. ಪಾವಗಡಕ್ಕೆ ಬೀಳುವ ಮಳೆ ಕಡಿಮೆ, ನಿಜ. ಆದರೆ ಬೀಳುವ ಮಳೆಯ ದೊಡ್ಡ ಪಾಲು ಬರುವುದು ಸೆಪ್ಟೆಂಬರ್‌ನಿಂದೀಚೆಗೆ, ಚಳಿ ಕಾಲಿಡುವ ಹೊತ್ತಿಗೆ. ಕಡಿಮೆ ಮಳೆಯ ಊರು ಎಂಬ ಸಮಾಧಾನ ಮಳೆಯಲ್ಲಿ ಸಿಕ್ಕವನಿಗೆ ಯಾವ ಉಪಯೋಗಕ್ಕೂ ಬಾರದು.

ಇನ್ನು ಅಭ್ಯಾಸದ ವಾದ. "ಕಡಲೆಕಾಯಿ ಕಿತ್ತ ಕೈಗೆ ಎಂಥ ಚಳಿ?" ಎನ್ನುತ್ತಾರೆ. ಹೆಮ್ಮೆಯಿಂದ ಹೇಳುವ ಮಾತಿದು. ಆ ಹೆಮ್ಮೆಯ ಬಗ್ಗೆ ನನಗೆ ಗೌರವವಿದೆ. ಆದರೆ ಹೆಮ್ಮೆ ಬೇರೆ, ರಕ್ತ ಓಡುವ ರೀತಿ ಬೇರೆ. ಮೈ ತಣ್ಣಗಾಗತೊಡಗಿದರೆ ದೇಹ ಮೊದಲು ಕಾಪಾಡಿಕೊಳ್ಳುವುದು ಎದೆ, ಹೊಟ್ಟೆ, ತಲೆಯನ್ನು. ಅದಕ್ಕಾಗಿ ಬೆರಳುಗಳ ರಕ್ತನಾಳಗಳನ್ನು ಬಿಗಿದು ಅಲ್ಲಿಯ ರಕ್ತವನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ. ರೈತನ ದೇಹವೂ ಹೀಗೇ ಮಾಡುತ್ತದೆ, ಗುಮಾಸ್ತನ ದೇಹವೂ ಹೀಗೇ ಮಾಡುತ್ತದೆ. ಬೆರಳ ಚರ್ಮ ಸುಮಾರು 15 ಡಿಗ್ರಿಗಿಂತ ಕೆಳಗಿಳಿದರೆ ಕೈಚಳಕ ಕುಗ್ಗತೊಡಗುತ್ತದೆ. ಇನ್ನೂ ಇಳಿದರೆ ಮುಟ್ಟಿದ್ದು ತಿಳಿಯುವುದೇ ನಿಲ್ಲುತ್ತದೆ. ದುಡಿದು ಜಡ್ಡುಗಟ್ಟಿದ ಅಂಗೈ ಮುಳ್ಳನ್ನು ತಡೆಯುತ್ತದೆ, ಹಗ್ಗದ ಉಜ್ಜುವಿಕೆಯನ್ನು ತಡೆಯುತ್ತದೆ. ಅದು ಶಾಖ ಹುಟ್ಟಿಸುವುದಿಲ್ಲ. ಅಲ್ಲದೆ ಜಡ್ಡು ಇರುವುದು ಅಂಗೈಯಲ್ಲಿ. ಗಾಳಿ ಬಡಿಯುವುದು ಕೈಯ ಮೇಲ್ಬದಿಗೆ.

ಅಭ್ಯಾಸ ಎನ್ನುವುದು ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಹಿಮದಂಥ ನೀರಿನಲ್ಲಿಟ್ಟ ಬೆರಳಿಗೆ ಸ್ವಲ್ಪ ಹೊತ್ತಿನ ಮೇಲೆ ರಕ್ತ ಮತ್ತೆ ನುಗ್ಗಿ ಬರುವುದನ್ನು 1930ರಲ್ಲಿ ಬ್ರಿಟಿಷ್ ವೈದ್ಯ ಥಾಮಸ್ ಲೂಯಿಸ್ ತೋರಿಸಿದ. ಕೆನಡಾದ ಗ್ಯಾಸ್ಪೆ ತೀರದ ಮೀನುಗಾರರ ಕೈ ಉಳಿದವರಿಗಿಂತ ಚಳಿಯನ್ನು ಚೆನ್ನಾಗಿ ತಾಳುತ್ತದೆ ಎಂಬುದನ್ನೂ ಅಧ್ಯಯನ ಮಾಡಿದ್ದಾರೆ. ಆದರೆ ಆ ಮೀನುಗಾರರು ವರ್ಷಗಟ್ಟಲೆ, ಗಂಟೆಗಟ್ಟಲೆ ಕೈಯನ್ನು ಕೊರೆಯುವ ನೀರಿನಲ್ಲಿ ಅದ್ದಿದವರು. ನಮ್ಮ ಚಳಿ ವರ್ಷದಲ್ಲಿ ಎರಡು ತಿಂಗಳು, ದಿನದಲ್ಲಿ ಎರಡು ಗಂಟೆ. ಅಷ್ಟರಲ್ಲಿ ಕೈಗೆ ನೋವು ಅಭ್ಯಾಸವಾಗುತ್ತದೆಯೇ ಹೊರತು ಬಿಸಿಯಾಗಿರುವುದು ಅಭ್ಯಾಸವಾಗುವುದಿಲ್ಲ. ನೋವು ಅಭ್ಯಾಸವಾದವನೇ ಹೆಚ್ಚು ಅಪಾಯದಲ್ಲಿದ್ದಾನೆ, ಏಕೆಂದರೆ ಬೆರಳು ಮಾತು ಕೇಳದಿರುವುದು ಅವನಿಗೆ ತಿಳಿಯುವುದು ಬ್ರೇಕ್ ಹಿಡಿಯಬೇಕಾದ ಹೊತ್ತಿನಲ್ಲಿ.

ಆ ಬ್ರೇಕನ್ನು ಹತ್ತಿರದಿಂದ ನೋಡಬೇಕು. ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಹಾಲಿನ ಕ್ಯಾನು, ಮೇವಿನ ಹೊರೆ, ಪೇಪರ್ ಕಟ್ಟು ಹೊರುವುದು ಹಳೆಯ ಕಪ್ಪು ಸೈಕಲ್. ಅದರ ಬ್ರೇಕಿಗೆ ವೈರ್ ಇರುವುದಿಲ್ಲ, ಕಬ್ಬಿಣದ ಕಡ್ಡಿಗಳಿರುತ್ತವೆ. ಹಿಡಿ ಹ್ಯಾಂಡಲ್ ಕೆಳಗೆ ಅದರ ಉದ್ದಕ್ಕೂ ಬಾಗಿ ಬರುತ್ತದೆ. ಹೆಬ್ಬೆರಳನ್ನು ಹ್ಯಾಂಡಲ್ ಮೇಲಿಟ್ಟು ನಾಲ್ಕು ಬೆರಳನ್ನು ಆ ಹಿಡಿಯ ಕೆಳಗೆ ತೂರಿಸಿ ಮೇಲಕ್ಕೆ ಹಿಂಡಬೇಕು. ಹ್ಯಾಂಡಲ್‌ಗೂ ಹಿಡಿಗೂ ನಡುವೆ ಇರುವ ಸಂದು ಕಿರಿದು. ರಿಮ್ ಉಕ್ಕಿನದು, ಮೇಲೆ ಹೊಳಪಿನ ಲೇಪ. ಆ ರಿಮ್ ಒದ್ದೆಯಾದರೆ ಬ್ರೇಕ್ ರಬ್ಬರ್ ಜಾರುತ್ತದೆ. ನೀರು ಒರೆಸಿಹೋಗುವ ತನಕ ಗಾಲಿ ಒಂದೆರಡು ಸುತ್ತು ಹಾಗೇ ಉರುಳುತ್ತದೆ. ಅಂದರೆ ಮಳೆಯಲ್ಲಿ ಹಿಡಿಯನ್ನು ಬೇಗ ಒತ್ತಬೇಕು, ಬಿಗಿಯಾಗಿ ಒತ್ತಬೇಕು, ಒತ್ತಿಯೇ ಇರಬೇಕು. ಗಂಟೆಗೆ 20 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಐದೂವರೆ ಮೀಟರ್. ಮರಗಟ್ಟಿದ ಬೆರಳು ಅರ್ಧ ಸೆಕೆಂಡು ತಡ ಮಾಡಿದರೆ ಸೈಕಲ್ ಸುಮಾರು ಮೂರು ಮೀಟರ್ ಮುಂದೆ ಹೋಗಿರುತ್ತದೆ. ಎದುರಿಗೆ ಬರುವುದು ಮರಳು ಲಾರಿಯೋ, ಕುರಿ ಮಂದೆಯೋ, ಶಾಲೆಗೆ ಹೊರಟ ಮಗುವೋ ಆಗಿರಬಹುದು. ಕೈ ಎಷ್ಟು ಮುಖ್ಯ ಎಂದು ತಿಳಿಯಲು ಇದಕ್ಕಿಂತ ಹೆಚ್ಚಿನ ಲೆಕ್ಕ ಬೇಕಿಲ್ಲ.

ಈಗ ಮೂರನೆಯ ನಂಬಿಕೆ. ಗ್ಲೌಸ್ ಬೇಕು ಎಂದು ಒಪ್ಪಿದವರೂ ಇಲ್ಲಿ ದಾರಿ ತಪ್ಪುತ್ತಾರೆ. "ಚಳಿಗಾ? ದಪ್ಪಂದು ತಗೊಳ್ಳಿ" ಎಂಬುದು ಅಂಗಡಿಯ ಮಾತು. ಚಳಿಗಾಲದ ಸ್ವೆಟರ್ ಅಂಗಡಿಗಳಲ್ಲಿ ಸಿಗುವ ನೂಲಿನ ದಪ್ಪ ಗ್ಲೌಸ್ ನಿಂತವನಿಗೆ ಬೆಚ್ಚಗಿರುತ್ತದೆ, ಏಕೆಂದರೆ ಅದರ ಹೆಣಿಗೆಯ ಸಂದುಗಳಲ್ಲಿ ಗಾಳಿ ನಿಂತಿರುತ್ತದೆ. ಸೈಕಲ್ ಓಡತೊಡಗಿದೊಡನೆ ಹೊಸ ಗಾಳಿ ಆ ಸಂದುಗಳಿಂದಲೇ ಒಳನುಗ್ಗಿ ನಿಂತ ಗಾಳಿಯನ್ನು ಹೊರದೂಡುತ್ತದೆ. ಮೇಲಾಗಿ ನುಣುಪು ನೂಲು ಕಬ್ಬಿಣದ ಹಿಡಿಯ ಮೇಲೆ ಜಾರುತ್ತದೆ. ಮೋಟರ್ ಬೈಕಿನ ರೆಕ್ಸಿನ್ ಗ್ಲೌಸ್ ಗಾಳಿ ತಡೆಯುತ್ತದೆ, ಆದರೆ ಅದರ ಅಂಗೈ ಎಷ್ಟು ದಪ್ಪ ಎಂದರೆ ಬೆರಳು ಮಡಿಸುವುದೇ ಒಂದು ಕೆಲಸ. ನಾನು ಹೇಳಿದ ಆ ಕಿರಿದಾದ ಸಂದಿನಲ್ಲಿ ಅಂಥ ನಾಲ್ಕು ಬೆರಳು ತೂರುವುದಿಲ್ಲ.

ದಪ್ಪದ ವಾದದಲ್ಲಿ ಇನ್ನೊಂದು ಮೂಲದೋಷವಿದೆ. ಬೆಚ್ಚಗಿಡುವುದು ಬಟ್ಟೆಯ ದಪ್ಪವಲ್ಲ, ಅದರೊಳಗೆ ಸಿಕ್ಕ ಗಾಳಿ. ಹ್ಯಾಂಡಲ್ ಹಿಡಿದಾಗ ಅಂಗೈ ಬದಿಯ ಒಳಪದರ ಹಿಂಡಿ ಚಪ್ಪಟೆಯಾಗುತ್ತದೆ. ಅಲ್ಲಿ ಎಷ್ಟು ಹತ್ತಿ ತುಂಬಿದರೂ ಬಿಸಿ ಸಿಗದು, ಹಿಡಿತ ಮಾತ್ರ ಹೋಗುತ್ತದೆ. ಗಾಳಿ ಬಡಿಯುವ ಮೇಲ್ಬದಿ ದಪ್ಪವಿರಬೇಕು, ಹಿಡಿಯುವ ಅಂಗೈ ತೆಳುವಿರಬೇಕು. ಎರಡೂ ಬದಿ ಒಂದೇ ದಪ್ಪವಿರುವ ಗ್ಲೌಸ್ ಸೈಕಲ್‌ಗೆಂದು ಮಾಡಿದ್ದಲ್ಲ. ಬಿಗಿಯಾಗಿ ಕೂತ ಗ್ಲೌಸ್ ಕೂಡ ಅಷ್ಟೇ ಕೆಟ್ಟದ್ದು: ಅದು ಗಾಳಿಯ ಪದರವನ್ನೂ ಕೊಲ್ಲುತ್ತದೆ, ಮೊದಲೇ ಕುಗ್ಗಿದ ರಕ್ತದ ಓಟವನ್ನೂ ತಡೆಯುತ್ತದೆ.

ವಾಟರ್‌ಪ್ರೂಫ್ ಎಂಬ ಚೀಟಿಯ ಮೇಲಿನ ನಂಬಿಕೆ ಇದಕ್ಕಿಂತ ಗಟ್ಟಿ, ಆದ್ದರಿಂದ ಇದಕ್ಕಿಂತ ದುಬಾರಿ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಪಿಟಿಎಫ್‌ಇ ಎಂಬ ಪ್ಲಾಸ್ಟಿಕ್ಕನ್ನು ರಭಸದಿಂದ ಎಳೆದು, ಅತಿ ಸಣ್ಣ ರಂಧ್ರಗಳಿರುವ ಪೊರೆಯನ್ನು ಮಾಡಬಹುದೆಂದು ಕಂಡುಹಿಡಿದ. ಗೋರ್‌ಟೆಕ್ಸ್ ಬಂದದ್ದು ಅದರಿಂದ. ನೀರಿನ ಹನಿ ಆ ರಂಧ್ರದಲ್ಲಿ ತೂರದು, ಬೆವರಿನ ಆವಿ ತೂರುತ್ತದೆ. ದೊಡ್ಡ ಸಾಧನೆ, ಸಂಶಯವಿಲ್ಲ. ಆದರೆ ಆವಿ ಹೊರಗೆ ಹೋಗಬೇಕಾದರೆ ಒಳಗಿಗಿಂತ ಹೊರಗೆ ತೇವ ಕಡಿಮೆ ಇರಬೇಕು. ಯುರೋಪಿನ ಐದಾರು ಡಿಗ್ರಿಯ ಚಳಿಯಲ್ಲಿ ಹೊರಗಿನ ಗಾಳಿ ಹೆಚ್ಚು ಆವಿಯನ್ನು ಹಿಡಿದಿರಲಾರದು. ಅಲ್ಲಿ ಪೊರೆ ತನ್ನ ಕೆಲಸ ಮಾಡುತ್ತದೆ. ನಮ್ಮ ಅಕ್ಟೋಬರ್ ಮಳೆ ಇಪ್ಪತ್ತರ ಮೇಲಿನದು, ಗಾಳಿ ತೇವದಿಂದ ತುಂಬಿರುತ್ತದೆ. ಒಳಗಿನ ಬೆವರಿಗೆ ಹೊರಹೋಗುವ ಒತ್ತಡ ಕಡಿಮೆಯಾಗುತ್ತದೆ. ಮಳೆಯಿಂದ ಉಳಿದ ಕೈ ಬೆವರಿನಿಂದ ತೊಯ್ಯುತ್ತದೆ.

ಮಳೆ ಒಳಬರುವ ದಾರಿ ಬೇರೆಯೇ ಇದೆ, ಅದನ್ನು ಯಾವ ಪೊರೆಯೂ ಮುಚ್ಚುವುದಿಲ್ಲ. ಸೈಕಲ್ ಮೇಲೆ ಕೂತವನ ತೋಳು ಭುಜದಿಂದ ಹ್ಯಾಂಡಲ್‌ಗೆ ಇಳಿಜಾರು. ಅಂಗಿಯ ತೋಳಿನ ಮೇಲೆ ಬಿದ್ದ ನೀರು ಆ ಇಳಿಜಾರಿನಲ್ಲೇ ಹರಿದು, ತೋಳನ್ನು ಗ್ಲೌಸ್ ಒಳಗೆ ತುರುಕಿದ್ದರೆ ನೇರವಾಗಿ ಗ್ಲೌಸಿಗೆ ಇಳಿಯುತ್ತದೆ. ಒಳಗೆ ಇಳಿದ ನೀರಿಗೆ ಹೊರದಾರಿಯಿಲ್ಲ. ಒಳಗೆ ಬಿಡದ ಪೊರೆಯೇ ಈಗ ಹೊರಗೂ ಬಿಡುವುದಿಲ್ಲ. ಕೈ ಹೊರತೆಗೆದರೆ ಒದ್ದೆ ಬೆರಳಿಗೆ ಅಂಟಿಕೊಂಡ ಒಳಪದರವೂ ತಿರುವುಮುರುವಾಗಿ ಎದ್ದು ಬರುತ್ತದೆ. ಅದರ ಐದು ಬೆರಳನ್ನು ಮತ್ತೆ ಒಳಗಿನ ಐದು ಬೆರಳಿಗೆ ಕೂರಿಸುವುದು ಒಣಗಿದ ಕೈಗೇ ಕಷ್ಟ. ರಸ್ತೆ ಬದಿ, ಮಳೆಯಲ್ಲಿ, ಮರಗಟ್ಟಿದ ಕೈಯಿಂದ ಆಗುವ ಕೆಲಸವಲ್ಲ. ಮನೆಗೆ ತಂದು ನೇತುಹಾಕಿದರೆ ಮಾರನೆಯ ಬೆಳಗ್ಗೆಗೆ ಒಣಗಿರುವುದಿಲ್ಲ. ದಿನವೂ ಸೈಕಲ್ ತುಳಿಯುವವನಿಗೆ ಒಂದು ರಾತ್ರಿಯಲ್ಲಿ ಒಣಗದ ಗ್ಲೌಸ್ ಇದ್ದೂ ಇಲ್ಲದಂತೆ.

ಹಾಗಾದರೆ ಒದ್ದೆ ಚಳಿಯಲ್ಲಿ ಕೈಯನ್ನು ಕಾಪಾಡುವುದು ಏನು? ಸೈಕಲ್ ಲೋಕದಲ್ಲಿ ಇದಕ್ಕೆ ಅತಿ ಕಠಿಣ ಪರೀಕ್ಷೆ ನಡೆದದ್ದು ಇಟಲಿಯಲ್ಲಿ, 1988ರ ಜೂನ್ 5ರಂದು. ಜಿರೊ ಡಿ ಇಟಾಲಿಯ ಸ್ಪರ್ಧೆಯ ಆ ದಿನದ ದಾರಿ 2,600 ಮೀಟರ್‌ಗೂ ಎತ್ತರದ ಗಾವಿಯಾ ಕಣಿವೆಯ ಮೇಲೆ ಹಾದುಹೋಗುತ್ತಿತ್ತು. ಕೆಳಗೆ ಮಳೆ, ಮೇಲೆ ಹಿಮ. ಶಿಖರವನ್ನು ಮೊದಲು ಮುಟ್ಟಿದವನು ಹಾಲೆಂಡಿನ ಯೊಹಾನ್ ವಾನ್ ಡೆರ್ ವೆಲ್ಡೆ, ಅರ್ಧ ತೋಳಿನ ಅಂಗಿಯಲ್ಲಿ, ಬರಿಗೈಯಲ್ಲಿ. ಹತ್ತುವಾಗ ಮೈ ಬಿಸಿಯಿತ್ತು; ಇಳಿಜಾರಿನಲ್ಲಿ ಅದು ಆರಿತು. ಅವನು ದಾರಿಯಲ್ಲೇ ಆಶ್ರಯ ಹುಡುಕಿ ನಿಲ್ಲಬೇಕಾಯಿತು, ಗುರಿ ಮುಟ್ಟಿದಾಗ ಮುಕ್ಕಾಲು ಗಂಟೆಗೂ ಹೆಚ್ಚು ಹಿಂದೆ ಬಿದ್ದಿದ್ದ. ಅಮೆರಿಕದ ಆ್ಯಂಡಿ ಹ್ಯಾಂಪ್‌ಸ್ಟನ್‌ನ ತಂಡದವರು ಬೆಳಗ್ಗೆಯೇ ಹವೆ ಅರಿತು ಚಳಿಯುಡುಪು ಹೊಂದಿಸಿದ್ದರು. ಅವನ ಕೈಯಲ್ಲಿದ್ದದ್ದು ನಿಯೊಪ್ರೀನ್ ಗ್ಲೌಸ್. ಅವತ್ತು ಮುನ್ನಡೆಯ ಗುಲಾಬಿ ಜೆರ್ಸಿ ಅವನದಾಯಿತು, ಕೊನೆಗೆ ಜಿರೊ ಗೆದ್ದ ಮೊದಲ ಅಮೆರಿಕನ್ನನೂ ಆದ. ನಿಯೊಪ್ರೀನ್ ಮುಳುಗುಗಾರರು ತೊಡುವ ರಬ್ಬರ್. ಅದು ಒಣಗಿರುವ ಭರವಸೆ ಕೊಡುವುದಿಲ್ಲ. ಒದ್ದೆಯಾದ ಮೇಲೂ ಬೆಚ್ಚಗಿಡುವ ಭರವಸೆ ಕೊಡುತ್ತದೆ. ರಬ್ಬರಿನೊಳಗೆ ಮುಚ್ಚಿದ ಗಾಳಿಯ ಗುಳ್ಳೆಗಳನ್ನು ನೀರು ಮುಟ್ಟಲಾರದು. ಕೇಳಬೇಕಾದ ಪ್ರಶ್ನೆ ಇಲ್ಲಿದೆ: ಈ ಗ್ಲೌಸ್ ಒದ್ದೆಯಾಗುತ್ತದೆಯೇ ಎಂದಲ್ಲ, ಒದ್ದೆಯಾದಾಗ ಏನು ಮಾಡುತ್ತದೆ ಎಂದು.

ಈ ಅರಿವಿಗೆ ನಾವು ಇಟಲಿಗೆ ಹೋಗಬೇಕಾಗಿಯೇ ಇರಲಿಲ್ಲ. ಶಿರಾ, ಪಾವಗಡ, ಪಕ್ಕದ ಚಳ್ಳಕೆರೆ ಸೀಮೆಯ ಕುರಿಗಾಹಿಗಳು ತಲೆಮಾರುಗಳಿಂದ ಮಳೆಗೆ ಹಿಡಿದದ್ದು ಕರಿ ಕಂಬಳಿಯ ಕೊಪ್ಪೆಯನ್ನು. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲು ತೇವವನ್ನು ಎಳೆಯೊಳಗೆ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಎನ್ನಿಸದು, ಅದರ ಸುರುಳಿ ಎಳೆಗಳು ಚಪ್ಪಟೆಯಾಗದೆ ಗಾಳಿಯನ್ನು ಹಿಡಿದೇ ಇರುತ್ತವೆ. ಹತ್ತಿಯ ಬಟ್ಟೆ ತೊಯ್ದರೆ ಮೈಗೆ ಅಂಟಿ ಶಾಖ ಹೀರುತ್ತದೆ. ಚಳಿಮಳೆಯಲ್ಲಿ ಹತ್ತಿ ಗ್ಲೌಸ್ ಬರಿಗೈಗಿಂತ ಕೆಟ್ಟದ್ದು. ನಮ್ಮ ದಖನಿ ಕುರಿಯ ಉಣ್ಣೆ ಒರಟು, ಬರಿ ಚರ್ಮಕ್ಕೆ ಚುಚ್ಚುತ್ತದೆ ಎಂಬುದು ನಿಜ. ಒಳಗೊಂದು ತೆಳು ನೈಲಾನ್ ಪದರ ಕೊಟ್ಟು, ಕೈಯ ಮೇಲ್ಬದಿಗೆ ಆ ಉಣ್ಣೆಯನ್ನು ಹೆಣೆಯುವುದು ನಮ್ಮ ಹೆಣಿಗೆಯವರ ಕೈಮೀರಿದ ವಿದ್ಯೆಯೇನಲ್ಲ. ಇಂಥ ಉಣ್ಣೆ ಕೊಳ್ಳುವವರಿಲ್ಲದೆ ಬಿದ್ದಿರುವಾಗ, ಯುರೋಪಿನ ಚಳಿಗೆಂದು ಮಾಡಿದ ಪೊರೆಗೆ ಸಾವಿರಗಟ್ಟಲೆ ಸುರಿಯುವುದು ಯಾವ ಜಾಣತನ?

ಆರಿಸುವ ಬಗೆ ಹೀಗಿರಲಿ. ನಮ್ಮಲ್ಲಿ ಕೈಯನ್ನು ಕಾಡುವ ಹವೆ ಮೂರು ಬಗೆ, ಒಂದೇ ಗ್ಲೌಸ್ ಮೂರಕ್ಕೂ ಆಗದು. ಡಿಸೆಂಬರ್–ಜನವರಿಯ ಒಣ ಚಳಿಗೆ ಬೇಕಾದದ್ದು ಗಾಳಿ ತೂರದ ಮೇಲ್ಬದಿ, ತೆಳು ಅಂಗೈ, ಪೂರ್ತಿ ಬೆರಳು. ಇಬ್ಬನಿ ತಡೆದರೆ ಸಾಕು, ಜಡಿಮಳೆಯ ಮಾತು ಇಲ್ಲಿಲ್ಲ. ಸೆಪ್ಟೆಂಬರ್–ಅಕ್ಟೋಬರಿನ ಬೆಚ್ಚನೆಯ ಮಳೆಗೆ ಒಳಪದರವೇ ಇಲ್ಲದ, ಹಿಂಡಿದರೆ ನೀರು ಬಿಟ್ಟುಕೊಟ್ಟು ಗಂಟೆಯಲ್ಲಿ ಒಣಗುವ ತೆಳು ಸಿಂಥೆಟಿಕ್ ಗ್ಲೌಸ್. ಅಂಗೈಯಲ್ಲಿ ಜಾರದಂತೆ ರಬ್ಬರಿನ ಗೆರೆಗಳಿರಬೇಕು. ನವೆಂಬರಿನ ಸೈಕ್ಲೋನ್ ದಿನಗಳಿಗೆ ನಿಯೊಪ್ರೀನ್, ಇಲ್ಲವೇ ಒಳಗೆ ಉಣ್ಣೆಯದೊಂದು, ಅದರ ಮೇಲೆ ಸಡಿಲವಾಗಿ ಬರುವ ರಬ್ಬರಿನದೊಂದು. ಎರಡು ತೆಳು ಪದರ ಒಂದು ದಪ್ಪ ಪದರಕ್ಕಿಂತ ಯಾವಾಗಲೂ ಮೇಲು, ಏಕೆಂದರೆ ಬಿಡಿಸಬಹುದು, ಬೇರೆಬೇರೆಯಾಗಿ ಒಣಗಿಸಬಹುದು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಇನ್ನೊಂದು ಒಣ ಜೊತೆ ಚೀಲದಲ್ಲಿರಲಿ. ಮಳೆ ನಿಂತ ಮೇಲೆ ಅದಕ್ಕಿಂತ ದೊಡ್ಡ ನೆಮ್ಮದಿ ಇಲ್ಲ.

ಅಳತೆ ನೋಡುವುದು ಅಂಗಡಿಯ ಗಾಜಿನ ಮೇಜಿನ ಮೇಲಲ್ಲ, ಸೈಕಲ್ ಮೇಲೆ. ಅಂಗಡಿಯವರು ಬಿಡದಿದ್ದರೆ ಆ ಅಂಗಡಿಯಲ್ಲಿ ಕೊಳ್ಳಬೇಡಿ. ಗ್ಲೌಸ್ ತೊಟ್ಟು ಹ್ಯಾಂಡಲ್ ಹಿಡಿದು ಬ್ರೇಕ್ ಪೂರ್ತಿ ಒತ್ತಿ. ಬೆರಳ ಸಂದಿನಲ್ಲಿ ಎಳೆತವಿರಬಾರದು, ಬೆರಳ ತುದಿ ಬಟ್ಟೆಗೆ ತಾಗಿ ನಿಲ್ಲಬಾರದು, ಅಂಗೈಯಲ್ಲಿ ನೆರಿಗೆ ಬೀಳಬಾರದು. ಆಮೇಲೆ ಗ್ಲೌಸ್ ಬಿಚ್ಚದೆ ಸೈಕಲ್ ಬೀಗ ತೆಗೆಯಿರಿ. ತೆಗೆಯಲಾಗದಿದ್ದರೆ ದಾರಿಯಲ್ಲಿ ಹತ್ತು ಸಲ ಬಿಚ್ಚುತ್ತೀರಿ, ಬಿಚ್ಚಿದಾಗಲೆಲ್ಲ ಬಿಸಿ ಕಳೆದುಕೊಳ್ಳುತ್ತೀರಿ. ಅಂಗೈಯ ಮೆತ್ತೆ ಅತಿಯಾಗಿರಬಾರದು. ಕಿರುಬೆರಳ ಕಡೆಯ ನರ ಅಂಗೈಯ ಬುಡದಲ್ಲಿ ಹಾದುಹೋಗುತ್ತದೆ, ಅದರ ಮೇಲೆ ಒತ್ತಡ ಬಿದ್ದರೆ ಚಳಿಯಿಲ್ಲದೆಯೂ ಜೋಮು ಹಿಡಿಯುತ್ತದೆ. ಮಣಿಕಟ್ಟು ಮುಚ್ಚುವಷ್ಟು ಉದ್ದವಿರಲೇಬೇಕು. ಬೆರಳಿಗೆ ಹೋಗುವ ರಕ್ತ ಅಲ್ಲಿ ಚರ್ಮಕ್ಕೆ ಅತಿ ಹತ್ತಿರ. ಅದು ತೆರೆದಿದ್ದರೆ ಬೆರಳಿಗೆ ತಲುಪುವುದು ಆಗಲೇ ತಣಿದ ರಕ್ತ. ಮಳೆಯಲ್ಲಿ ಅಂಗಿಯ ತೋಳು ಗ್ಲೌಸಿನ ಮೇಲೆ ಬರಲಿ, ಒಳಗಲ್ಲ.

"ಇದೆಲ್ಲ ದುಡ್ಡಿದ್ದವರ ಮಾತು" ಎಂಬ ಆಕ್ಷೇಪ ಉಳಿಯುತ್ತದೆ. ಇದು ಗಂಭೀರವಾದ ಆಕ್ಷೇಪ. ಆದರೆ ಹಾರ್ಡ್‌ವೇರ್ ಅಂಗಡಿಗಳಲ್ಲಿ ಗಾರೆ ಕೆಲಸದವರಿಗೆಂದು ಮಾರುವ, ಅಂಗೈಗೆ ರಬ್ಬರ್ ಲೇಪಿಸಿದ ನೈಲಾನ್ ಗ್ಲೌಸ್ ನೂರು ರೂಪಾಯಿಯೊಳಗೆ ಸಿಗುತ್ತದೆ. ತೆಳು ಅಂಗೈ, ಒದ್ದೆಯಲ್ಲೂ ಜಾರದ ಹಿಡಿತ, ಬೇಗ ಒಣಗುವ ಮೇಲ್ಬದಿ ಎಲ್ಲ ಅದರಲ್ಲಿದೆ. ಚಳಿ ಹೆಚ್ಚಿದ್ದರೆ ಅದನ್ನು ಒಂದು ಅಳತೆ ದೊಡ್ಡದು ಕೊಂಡು ಒಳಗೆ ಉಣ್ಣೆಯ ಗ್ಲೌಸ್ ತೊಡಬಹುದು; ಗಾಳಿಮಳೆಗೆ ಮೇಲೊಂದು ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಸಾಕು. ಬಡವನಿಗೆ ಗ್ಲೌಸ್ ದುಬಾರಿ ಎನ್ನುವವರು ಮುರಿದ ಮುಂಗೈಗೆ ಹಾಕಿಸುವ ಪ್ಲಾಸ್ಟರಿನ ಖರ್ಚನ್ನೂ, ಅದರ ಜೊತೆ ಹೋಗುವ ತಿಂಗಳ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಲಿ.

ಈ ಮಾತನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಂದಿ ಬೆಟ್ಟದ 1,478 ಮೀಟರ್ ಎತ್ತರಕ್ಕೆ ಭಾನುವಾರ ಬೆಳಗ್ಗೆ ಸೈಕಲ್ ಏರಿ ಮಂಜಿನಲ್ಲಿ ಇಳಿಯುವ ಬೆಂಗಳೂರಿಗರಿಗೆ ಇದೆಲ್ಲ ಗೊತ್ತಿದೆ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸುವ, ಬ್ರೆವೆ ಎಂಬ ದೂರದ ಸವಾರಿಯವರಿಗೂ ಗೊತ್ತಿದೆ. ಅದೇ ಬೆಟ್ಟದಿಂದ ಇಳಿದ ಹೊಳೆಯ ದಡದಲ್ಲಿ, ವಾರದ ಏಳೂ ದಿನ ಕತ್ತಲಲ್ಲಿ ಸೈಕಲ್ ತುಳಿಯುವವರಿಗೆ ಮಾತ್ರ ಯಾರೂ ಹೇಳಿಲ್ಲ. ಸೆಪ್ಟೆಂಬರ್ 4ನ್ನು ಪತ್ರಿಕಾ ವಿತರಕರ ದಿನವೆಂದು ಆಚರಿಸಿ, ಪೇಪರ್ ಹಾಕುವವರಿಗೆ ಶಾಲು ಹೊದಿಸಿ ಹಾರ ಹಾಕುತ್ತೇವೆ. ಆ ಶಾಲನ್ನು ಹೊದ್ದು ಅವರು ಸೈಕಲ್ ತುಳಿಯಲಾರರು. 2006–07ರಲ್ಲಿ ಆರಂಭವಾದ ಸರ್ಕಾರದ ಸೈಕಲ್ ಯೋಜನೆ ಎಂಟನೆಯ ತರಗತಿಯ ಲಕ್ಷಾಂತರ ಮಕ್ಕಳಿಗೆ ಸೈಕಲ್ ಕೊಟ್ಟಿತು. ಆ ಸೈಕಲ್‌ನ ಬ್ರೇಕ್ ಹಿಡಿಯುವ ಕೈಯ ಬಗ್ಗೆ ಯಾರೂ ಯೋಚಿಸಲಿಲ್ಲ.

ಆದ್ದರಿಂದ ನನ್ನ ಒತ್ತಾಯ ಸ್ಪಷ್ಟ. ಪತ್ರಿಕೆಗಳ ಏಜೆಂಟರು ತಮ್ಮ ಹುಡುಗರಿಗೆ ಸೆಪ್ಟೆಂಬರಿನಲ್ಲೇ, ಚಳಿ ಶುರುವಾಗುವ ಮುಂಚೆ, ಎರಡು ಜೊತೆ ಗ್ಲೌಸ್ ಕೊಡಲಿ. ಹಾಲಿನ ಡೇರಿಗಳು, ಸೈಕಲ್‌ನಲ್ಲಿ ಬರುವ ಕೂಲಿಯಾಳುಗಳನ್ನು ನೆಚ್ಚಿದ ಗುತ್ತಿಗೆದಾರರು ಇದನ್ನು ಉಪಕಾರವೆಂದು ತಿಳಿಯದೆ ಕೆಲಸದ ಸಲಕರಣೆಯೆಂದು ತಿಳಿಯಲಿ. ಮಕ್ಕಳಿಗೆ ಮತ್ತೆ ಸೈಕಲ್ ಹಂಚುವ ದಿನ ಬಂದರೆ, ಪ್ರತಿ ಸೈಕಲ್ ಜೊತೆ ಆ ಮಗುವಿನ ಕೈಯಳತೆಯ ಒಂದು ಜೊತೆ ಗ್ಲೌಸ್ ಇರಲೇಬೇಕು. ಅಂಗಡಿಗಳು ದಪ್ಪವನ್ನೂ ಚೀಟಿಯನ್ನೂ ಮಾರುವುದು ಬಿಟ್ಟು, ಕೊಳ್ಳುವವನಿಗೆ ಬ್ರೇಕ್ ಹಿಡಿದು ನೋಡಲು ಒಂದು ಸೈಕಲ್ ನಿಲ್ಲಿಸಲಿ. ಇಷ್ಟಕ್ಕೂ ಅಡ್ಡ ನಿಂತಿರುವುದು ದುಡ್ಡಲ್ಲ, ಬಯಲುಸೀಮೆಯ ದುಡಿಯುವ ಕೈಗೆ ಚಳಿಯಾಗುವುದಿಲ್ಲ ಎಂಬ ನಂಬಿಕೆ. ಆ ಕೈ ಚಳಿಯನ್ನು ಸಹಿಸಿದೆ, ಇನ್ನು ಮುಂದೆಯೂ ಸಹಿಸಬಲ್ಲದು. ಸಹಿಸಬಲ್ಲದು ಎಂಬುದಕ್ಕೇ ಅದನ್ನು ಸಹಿಸಲು ಬಿಡುವ ಹಕ್ಕು ನಮಗೆ ಯಾರಿಗೂ ಇಲ್ಲ.